ಹದಿಮೂರು ಸಲ ‘ಮೇಲಿನಂತೆ’

ನಮ್ಮೂರಿನಲ್ಲಿ ಮಾತು ಎಲ್ಲಿಯವರೆಗೆ ಕೇಳಿಸಬೇಕು ಎಂಬುದನ್ನು ಗಾಳಿ ಕಚೇರಿಯವರು ತೀರ್ಮಾನಿಸುತ್ತಾರೆ. ಊರಿನ ಗಾಳಿಯನ್ನು ಅವರು ಸೀಮೆ ಸೀಮೆಯಾಗಿ ಕೊಯ್ದು, ಒಂದೊಂದು ಸೀಮೆಯನ್ನು ಒಬ್ಬೊಬ್ಬ ಗುತ್ತಿಗೆದಾರನಿಗೆ ಇಪ್ಪತ್ತು ವರ್ಷಕ್ಕೆ ಬಿಟ್ಟುಕೊಡುತ್ತಾರೆ. ಒಂದು ಸೀಮೆಯೊಳಗೆ ಎದ್ದ ದನಿ ಆ ಸೀಮೆಯ ಗೆರೆಯವರೆಗೆ ಹೋಗಿ ಅಲ್ಲಿಗೆ ನಿಲ್ಲುತ್ತದೆ. ಗೆರೆಯ ಆಚೆ ಒಂದು ಮೊಳ ದೂರದಲ್ಲಿ ನಿಂತವನಿಗೂ ನಿಮ್ಮ ಬಾಯಿ ಆಡುವುದು ಕಾಣುತ್ತದೆ, ಅಷ್ಟೆ. ಹುಟ್ಟಿದಾಗಿನಿಂದ ಹೀಗೇ ಬದುಕಿದವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಸೊಪ್ಪಿನವಳು ಗೆರೆ ದಾಟಿದ ಮೇಲೆ ಇನ್ನೊಮ್ಮೆ ಮೊದಲಿಂದ ಕೂಗುತ್ತಾಳೆ. ಗೆರೆಯ ಎರಡು ಬದಿಯವರು ಜಗಳಕ್ಕೆ ನಿಂತರೆ ಯಾರಾದರೊಬ್ಬರು ಒಂದು ಹೆಜ್ಜೆ ಮುಂದೆ ಬರಲೇಬೇಕು, ಹಾಗೆ ಬಂದವರು ಸೋತಂತೆ ಎಂದು ತಿಳಿಯುವುದರಿಂದ ಎಷ್ಟೋ ಜಗಳ ಕೈಬೀಸುವುದರಲ್ಲೇ ಮುಗಿಯುತ್ತವೆ. ನಾಯಿಗಳಿಗೆ ಮಾತ್ರ ಇದು ಇನ್ನೂ ಅರ್ಥವಾಗಿಲ್ಲ. ಗೆರೆಯ ಹತ್ತಿರ ನಿಂತು ಬೊಗಳಿ ಬೊಗಳಿ ಸುಸ್ತಾಗಿ ಮಲಗುತ್ತವೆ.

ನಾನು ಈ ಊರಿಗೆ ಮೇಷ್ಟ್ರಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಒಳ್ಳೆಯ ಮೇಷ್ಟ್ರು ಎಂದೇ ಜನ ಹೇಳುತ್ತಾರೆ. ನಾನು ಹೇಳಹೊರಟಿರುವುದನ್ನು ಕೇಳಿದ ಮೇಲೆ ಹಾಗೆ ಹೇಳುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ಇಷ್ಟು ದಿನ ಹೇಳಲಿಲ್ಲ.

ನಾನು ಬಾಡಿಗೆಗಿದ್ದದ್ದು ಹುರಿಬೀದಿಯ ಮೂಡಣ ತುದಿಯಲ್ಲಿ. ಬೀದಿ ಎನ್ನುತ್ತಾರೆಯೇ ಹೊರತು ಅದು ಬೀದಿಯಲ್ಲ. ಮೂಡಣ ತುದಿಗೆ ಒಂದು ಸಾಲು ಮನೆ, ಪಡುವಣ ತುದಿಗೆ ಇನ್ನೊಂದು ಸಾಲು ಮನೆ, ನಡುವೆ ನಲವತ್ತು ಮಾರು ಉದ್ದದ ಬರಿ ಬಯಲು. ಆ ಬಯಲಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಮೂಡಣ ತುದಿಯ ಚಪ್ಪರದಲ್ಲಿ ಕೂತು ಚಕ್ರ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಂತೆ ಕಟ್ಟಿಕೊಂಡು, ಬೆರಳಲ್ಲಿ ನಾರು ಬಿಡುತ್ತ, ಹಿಂದಹಿಂದಕ್ಕೆ ನಡೆಯುತ್ತ ಪಡುವಣ ತುದಿ ಮುಟ್ಟಬೇಕು. ಚಕ್ರ ತಿರುಗಿದಷ್ಟೂ ಹುರಿ ಏರುತ್ತದೆ. ಎಷ್ಟು ಏರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಾರು ಬಿಡುವವರ ಬೆರಳಿಗೆ ಗೊತ್ತಾಗುತ್ತದೆ. ಅವರು ಕೂಗಿ ಹೇಳಬೇಕು, ಚಕ್ರದವರು ಕೇಳಬೇಕು. ಹುರಿಬೀದಿಯಲ್ಲಿ ಬೆಳಗಿಂದ ಸಂಜೆಯವರೆಗೆ ‘ಬಿಗಿ’, ‘ಸಡ್ಲ’, ‘ನಿಲ್ಲು’ ಎಂಬ ಕೂಗು ನಿಂತದ್ದೇ ಇಲ್ಲ.

ಮೂಡಣ ಸಾಲಿನ ಮೊದಲ ಚಕ್ರ ಪಾಲಯ್ಯನದು. ನಾರು ಬಿಡುತ್ತಿದ್ದವಳು ಅವನ ತಂಗಿ ಓಬಕ್ಕ. ಓಬಕ್ಕನನ್ನು ಹೊಳೆಯಾಚೆಯ ಕೋಟೆಪೇಟೆಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ಸತ್ತ. ಅಣ್ಣನೇ ಹೋಗಿ ಕರೆದುಕೊಂಡು ಬಂದು, ಪಡುವಣ ಸಾಲಿನಲ್ಲಿ ಖಾಲಿ ಬಿದ್ದಿದ್ದ ಮೊದಲನೆಯ ಮನೆಯನ್ನು ಕೆಮ್ಮಣ್ಣು ಬಳಿಸಿ ಅವಳಿಗೆ ಕೊಟ್ಟ. ಒಂದೇ ಮನೆಯಲ್ಲಿದ್ದರೆ ಅತ್ತಿಗೆಗೂ ನಾದಿನಿಗೂ ಆಗಿಬರುವುದಿಲ್ಲ, ನಲವತ್ತು ಮಾರು ದೂರದಲ್ಲಿದ್ದರೆ ಎಲ್ಲರೂ ಚೆನ್ನಾಗಿರುತ್ತಾರೆ ಎಂಬುದು ಅವನ ಎಣಿಕೆ. ಅತ್ತಿಗೆಯೂ ತೀರಿಕೊಂಡ ಮೇಲೆ ಹಗ್ಗದ ಎರಡು ತುದಿಗೆ ಅಣ್ಣ ತಂಗಿ ಇಬ್ಬರೇ ಉಳಿದರು. ಅವಳು ಬಂದಾಗಿನಿಂದ ಹದಿನೆಂಟು ವರ್ಷ ಒಬ್ಬರಿಗೊಬ್ಬರು ಕೂಗಿಕೊಂಡೇ ಬದುಕಿದರು. ಕೆಲಸದ ಮಾತಿನ ನಡುವೆಯೇ ಊರಿನ ಸುದ್ದಿ, ಸಾರಿನ ಸುದ್ದಿ, ಸತ್ತವರ ಸುದ್ದಿ ಎಲ್ಲ ಬರುತ್ತಿತ್ತು. ಅವರ ಮಾತು ಇಡೀ ಬೀದಿಗೆ ಕೇಳಿಸುತ್ತಿತ್ತು. ಅದರಲ್ಲಿ ಮುಚ್ಚಿಡುವಂಥದು ಇರುತ್ತಲೇ ಇರಲಿಲ್ಲ.

ನಾನು ಈ ಊರಿಗೆ ಬಂದ ಹೊಸದರಲ್ಲಿ ಅನ್ನ ಬೇಯಿಸಲು ಬಾರದೆ ಎರಡು ದಿನ ಹುರಿಗಾಳು ತಿಂದುಕೊಂಡಿದ್ದೆ. ಮೂರನೆಯ ದಿನ ಓಬಕ್ಕ ಬಾಗಿಲಿಗೇ ಬಂದು, ‘ಮಕ್ಳಿಗೆ ಪಾಠ ಹೇಳೋರು ಹಿಂಗೆ ಹಸ್ಕಂಡಿದ್ರೆ ಆಯ್ತದ?’ ಎಂದು ಗದರಿಸಿ ಕರೆದೊಯ್ದಳು. ಅಂದಿನಿಂದ ಭಾನುವಾರ ಮಧ್ಯಾಹ್ನದ ಊಟ ಅವಳ ಜಗಲಿಯಲ್ಲೇ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಮೇಷ್ಟ್ರೇ ಎಂದೇ ಕರೆದಳು, ಒಂದು ದಿನವೂ ಏಕವಚನ ಆಡಲಿಲ್ಲ.

ಹಳೆಯ ಗುತ್ತಿಗೆಯ ಅವಧಿ ಮುಗಿಯುವ ವರ್ಷ ಗಾಳಿ ಕಚೇರಿಗೆ ಹೊಸ ಸಾಹೇಬರು ಬಂದರು. ತಿಳಿದವರು, ಮೃದುವಾಗಿ ಮಾತಾಡುವವರು. ಊರಿನ ಮೇಷ್ಟ್ರುಗಳನ್ನೆಲ್ಲ ಸೇರಿಸಿ ಕೂರಿಸಿ, ಕರಿಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಇಷ್ಟು ದಿನ ಕಾಲುವೆ ಕಂಡಲ್ಲಿ, ಗುಡ್ಡ ಕಂಡಲ್ಲಿ ಗೆರೆ ಎಳೆದಿದ್ದಾರೆ, ಅದು ತಪ್ಪು. ಗಾಳಿಗೆ ಕಾಲುವೆಯೇನು ಗುಡ್ಡವೇನು. ಜನ ಎಲ್ಲಿಗೆ ಹೋಗಿ ಬರುತ್ತಾರೋ ಅದರಂತೆ ಸೀಮೆ ಇರಬೇಕು. ಒಟ್ಟಿಗೆ ಸಂತೆ ಮಾಡುವವರು ಒಟ್ಟಿಗೆ ಕೇಳಿಸಿಕೊಳ್ಳಬೇಕು. ಆದ್ದರಿಂದ ಮನೆಮನೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಸಾಮಾನು ಎಲ್ಲಿಂದ ತರುತ್ತೀರಿ, ಕಾಯಿಲೆಯಾದರೆ ಎಲ್ಲಿಗೆ ಹೋಗುತ್ತೀರಿ, ಒಳ್ಳೆಯದು ಕೆಟ್ಟದ್ದಕ್ಕೆ ಯಾವ ಊರಿಗೆ ಹೇಳಿಕಳಿಸುತ್ತೀರಿ. ಮನೆಗಳ ಒಂದು ಸಾಲನ್ನು ಒಡೆಯುವಂತಿಲ್ಲ. ಸಾಲಿನಲ್ಲಿ ಹೆಚ್ಚು ಮನೆಯವರು ಹೇಳಿದ್ದು ಇಡೀ ಸಾಲಿಗೆ. ಎಲ್ಲ ಸೀಮೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಜನ ಇರಬೇಕು, ಇಲ್ಲದಿದ್ದರೆ ಗುತ್ತಿಗೆದಾರರು ಹಿಂಜರಿಯುತ್ತಾರೆ. ನನಗೆ ಇದೆಲ್ಲ ನ್ಯಾಯವಾಗಿಯೇ ಕಂಡಿತು. ಈಗಲೂ ಸಾಹೇಬರ ಲೆಕ್ಕದಲ್ಲಿ ನಾನು ತಪ್ಪು ಹುಡುಕಲಾರೆ. ತಪ್ಪು ಎಲ್ಲಿತ್ತೋ ನನಗೆ ಚೆನ್ನಾಗಿ ಗೊತ್ತು.

ಹುರಿಬೀದಿಯ ಎರಡು ಸಾಲೂ ನನ್ನ ಪಾಲಿಗೆ ಬಂದವು. ಮೂಡಣ ಸಾಲನ್ನು ಬೆಳಗಿನ ತಂಪಿನಲ್ಲಿ ಮುಗಿಸಿದೆ. ಎಲ್ಲರೂ ಸಾಮಾನಿಗೂ ಮದ್ದಿಗೂ ಹೋಗುವುದು ಊರಿನ ಹಳೇಪೇಟೆಗೆ, ಹಾಗೆಂದೇ ಹೇಳಿದರು, ಬರೆದುಕೊಂಡೆ. ಬಯಲು ದಾಟಿ ಪಡುವಣ ಸಾಲಿಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಲ್ಲಿ ಹದಿನಾಲ್ಕು ಮನೆ. ಮೊದಲನೆಯದು ಓಬಕ್ಕನದು.

ನಮ್ಮೂರ ಹೆಂಗಸರಿಗೆ ಒಂದು ನಡವಳಿಕೆ ಇದೆ. ಹೊರಗೆ ಕೊಟ್ಟ ಹೆಣ್ಣುಮಗಳು ಎಷ್ಟೇ ವರ್ಷ ತವರಿನಲ್ಲಿದ್ದರೂ, ಕೈಯಲ್ಲಿ ಪುಸ್ತಕ ಹಿಡಿದು ಬಂದವರು ಏನು ಕೇಳಿದರೂ ಗಂಡನ ಊರಿನ ಹೆಸರನ್ನೇ ಹೇಳಬೇಕು. ಹೇಳದಿದ್ದರೆ ಆ ಮನೆಯ ಹೆಸರನ್ನು ತಾನಾಗಿ ಅಳಿಸಿಹಾಕಿದಳು ಎಂದು ಆಡಿಕೊಳ್ಳುತ್ತಾರೆ. ಟಪಾಲಿನವನಿಗೆ ಇದು ಗೊತ್ತು, ಪಡಿತರದವನಿಗೆ ಗೊತ್ತು. ಅವರು ತಲೆಯಾಡಿಸಿ, ಇರುವ ಊರನ್ನೇ ಬರೆದುಕೊಂಡು ಹೋಗುತ್ತಾರೆ. ನನಗೂ ಗೊತ್ತಿತ್ತು.

ನಾನು ಪುಸ್ತಕ ಬಿಚ್ಚಿದ್ದೇ ಓಬಕ್ಕ ಸೆರಗು ಹೊದ್ದು ನೆಟ್ಟಗೆ ಕೂತಳು. ಸಾಮಾನು ಎಲ್ಲಿಂದ ತರುತ್ತೀರಕ್ಕ ಎಂದೆ. ಕೋಟೆಪೇಟೆಯಿಂದ ಎಂದಳು. ಹಾಗೆನ್ನುವಾಗ ಅವಳ ಮುಂದೆ ಹಳೇಪೇಟೆಯ ಅಂಗಡಿಯ ಕಾಗದದಲ್ಲಿ ಕಟ್ಟಿದ ಬೆಲ್ಲ ಇತ್ತು. ಮದ್ದಿಗೆ? ಕೋಟೆಪೇಟೆಗೆ. ಅವಳ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಹಿಂದಿನ ವಾರವಷ್ಟೇ ಹಳೇಪೇಟೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಒಳ್ಳೆಯದು ಕೆಟ್ಟದ್ದಕ್ಕೆ? ಕೋಟೆಪೇಟೆಗೇ. ಕೇಳುವುದು ಮುಗಿದ ಕೂಡಲೇ ಬೆನ್ನು ಸಡಿಲ ಬಿಟ್ಟು ನಕ್ಕಳು. ನಾನೂ ನಕ್ಕೆ. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು ಎಂದು ಸಾಹೇಬರು ಅಂದಿದ್ದರು, ಬರೆದೆ. ಒಂದು ಮನೆಯಿಂದ ಏನಾಗುತ್ತದೆ ಎಂದುಕೊಂಡೆ. ಅದು ಸರಿಯಾಗಿಯೂ ಇತ್ತು. ಒಂದು ಮನೆಯಿಂದ ಏನೂ ಆಗುತ್ತಿರಲಿಲ್ಲ.

ಊಟದ ಹೊತ್ತು ಎಂದು ಅವಳು ಬಿಡಲಿಲ್ಲ. ಮುದ್ದೆ, ಹುರುಳಿ ಸಾರು, ಮೇಲೆ ದೊಡ್ಡ ಲೋಟದ ತುಂಬ ಮಜ್ಜಿಗೆ. ಉಂಡು ಜಗಲಿಯ ಗೋಡೆಗೊರಗಿದೆ. ಉಳಿದ ಹದಿಮೂರು ಮನೆಗಳ ಬಾಗಿಲು ಮುಚ್ಚಿದ್ದವು. ಜನ ಕೆರೆಗೆ ನಾರು ನೆನೆಹಾಕಲು ಹೋಗಿದ್ದರು, ಸಂಜೆಗೆ ಬರುವವರು. ಪುಸ್ತಕವನ್ನು ಆ ದಿನವೇ ಕಚೇರಿಗೆ ಒಪ್ಪಿಸಬೇಕಿತ್ತು. ಸಂಜೆಯವರೆಗೆ ಕಾದಿದ್ದರೂ ಆಗುತ್ತಿತ್ತು, ಕಚೇರಿ ಆರು ಗಂಟೆಗೆ ಮುಚ್ಚುವುದು. ಆದರೆ ಬಿಸಿಲು, ಮುದ್ದೆ, ನೆರಳು. ಎರಡನೆಯ ಮನೆಯ ಎದುರಿಗೆ ‘ಮೇಲಿನಂತೆ’ ಎಂದು ಬರೆದೆ. ಮೂರನೆಯದರ ಎದುರಿಗೆ ‘ಮೇಲಿನಂತೆ’. ಹದಿಮೂರು ಸಲ ಬರೆದೆ. ಕೊನೆಕೊನೆಗೆ ಅಕ್ಷರ ನಿದ್ದೆಗಣ್ಣಿನಲ್ಲಿ ಸೊಟ್ಟಗಾಗಿದ್ದವು. ಅವಳದೇ ಜಗಲಿಯಲ್ಲಿ, ಅವಳದೇ ಅನ್ನ ಹೊಟ್ಟೆಯಲ್ಲಿಟ್ಟುಕೊಂಡು ಈ ಕೆಲಸ ಮಾಡಿದೆ. ನಾನು ಮಲಗಿದ್ದನ್ನು ನೋಡಿ ಅವಳು ನೊಣ ಕೂರದ ಹಾಗೆ ಮುಖದ ಮೇಲೆ ಒಂದು ತೆಳು ಬಟ್ಟೆ ಹೊದಿಸಿದ್ದಳು. ಎದ್ದಾಗ ನೋಡಿದೆ.

ಮೂರು ತಿಂಗಳ ಮೇಲೆ ಕಚೇರಿಯ ಆಳುಗಳು ಬಂದು ಹುರಿಬೀದಿಯ ಬಯಲಿನ ನಟ್ಟನಡುವೆ, ಇಪ್ಪತ್ತನೆಯ ಮಾರಿಗೆ, ಸುಣ್ಣ ಬಳಿದ ಕಲ್ಲು ನೆಟ್ಟರು. ಮೂಡಣ ಸಾಲು ಹಳೇಪೇಟೆ ಸೀಮೆಗೆ, ಪಡುವಣ ಸಾಲು ಕೋಟೆಪೇಟೆ ಸೀಮೆಗೆ. ಕೋಟೆಪೇಟೆ ಸೀಮೆಗೆ ಜನ ಸಾಲದೆ ಕಚೇರಿಯವರು ಹುಡುಕುತ್ತಿದ್ದರಂತೆ, ಈ ಸಾಲು ಸಿಕ್ಕಿದ್ದು ಅವರಿಗೆ ಅನುಕೂಲವಾಯಿತು. ಬೀದಿಯವರಿಗೆ ಮೊದಲು ಕಲ್ಲು ಏಕೆಂದು ತಿಳಿಯಲಿಲ್ಲ. ಯಾರೋ ಹಗ್ಗ ಕಟ್ಟಲು ಒಳ್ಳೆಯದಾಯಿತು ಎಂದರು.

ಹೊಸ ಗುತ್ತಿಗೆ ಶುರುವಾದ ಬೆಳಿಗ್ಗೆ ಓಬಕ್ಕ ನಾರು ಬಿಡುತ್ತ ಹಿಂದಕ್ಕೆ ನಡೆಯುತ್ತ ಅಣ್ಣನಿಗೆ ಬೆಕ್ಕಿನ ಸುದ್ದಿ ಹೇಳುತ್ತಿದ್ದಳು. ನಾನು ಶಾಲೆಗೆ ಹೊರಟವನು ಚಪ್ಪರದ ಹತ್ತಿರ ನಿಂತಿದ್ದೆ. ‘ನಿನ್ನೆ ಏನಾಯ್ತು ಗೊತ್ತಾ ಅಣ್ಣಾ, ಆ ಕಳ್ಳ ಬೆಕ್ಕು ಅಟ್ಟದ ಮ್ಯಾಲಿಂದ’ ಎಂದಳು. ಅಷ್ಟರಲ್ಲಿ ಅವಳ ಬೆನ್ನು ಕಲ್ಲು ದಾಟಿತು. ಅವಳು ಹೇಳುತ್ತಲೇ ಇದ್ದಳು, ನಗುತ್ತಲೂ ಇದ್ದಳು, ಕೈಯಿಂದ ಬೆಕ್ಕು ಹಾರಿದ್ದನ್ನು ತೋರಿಸುತ್ತಿದ್ದಳು. ಪಾಲಯ್ಯ ಚಕ್ರ ನಿಲ್ಲಿಸಿದ. ಎದ್ದು ಅರ್ಧ ಬಯಲು ನಡೆದು ಹೋಗಿ ಕಲ್ಲು ದಾಟಿ ನಿಂತು, ಬೆಕ್ಕು ಏನು ಮಾಡಿತು ಎಂದು ಕೇಳಿಕೊಂಡು ಬಂದ. ಆ ದಿನ ಇಬ್ಬರೂ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡರು.

ಬೀದಿಯ ಉಳಿದವರು ಬೇಗ ಹೊಂದಿಕೊಂಡರು. ಕಲ್ಲಿನವರೆಗಿನ ಇಪ್ಪತ್ತು ಮಾರಿಗೇ ತೃಪ್ತಿಪಟ್ಟು ದನ ಕಟ್ಟುವ ಹಗ್ಗ, ಮಂಚಕ್ಕೆ ಬಿಗಿಯುವ ಹಗ್ಗ ಮಾತ್ರ ಮಾಡತೊಡಗಿದರು. ಪಾಲಯ್ಯ ಒಪ್ಪಲಿಲ್ಲ. ಬಾವಿಯ ಹಗ್ಗ ನಲವತ್ತು ಮಾರು ಒಂದೇ ಎಳೆಯಾಗಿ ಇರಬೇಕು, ಗಂಟು ಹಾಕಿದ್ದು ಹಗ್ಗವೇ ಅಲ್ಲ ಎಂಬುದು ಅವನ ಹಟ. ಅವನೂ ಓಬಕ್ಕನೂ ಜಗ್ಗುವ ಭಾಷೆ ಮಾಡಿಕೊಂಡರು. ಒಮ್ಮೆ ಜಗ್ಗಿದರೆ ಬಿಗಿ, ಎರಡು ಸಲಕ್ಕೆ ನಿಲ್ಲು, ಹಗ್ಗ ಪೂರ್ತಿ ಸಡಿಲಬಿಟ್ಟರೆ ಕೂತು ದಣಿವಾರಿಸಿಕೋ. ಓಬಕ್ಕನ ಕಣ್ಣಿನ ಪೊರೆ ಬಲಿಯುತ್ತಿತ್ತು. ಆ ತುದಿಯಿಂದ ಅವಳಿಗೆ ಚಪ್ಪರದ ಒಳಗಿನ ಕಪ್ಪಷ್ಟೇ ಕಾಣುತ್ತಿತ್ತು, ಅಣ್ಣ ಕಾಣುತ್ತಿರಲಿಲ್ಲ. ಜಗ್ಗಾಟದಿಂದ ಮಾಡಿದ ಹಗ್ಗದಲ್ಲಿ ಹುರಿ ಒಂದೇ ಸಮ ಕೂರುತ್ತಿರಲಿಲ್ಲ. ಎರಡು ಹಗ್ಗ ಬಾವಿಯಲ್ಲಿ ಹರಿದು ಕೊಡ ಮುಳುಗಿದವು. ಪಾಲಯ್ಯನ ಹಗ್ಗ ಹರಿಯಿತು ಎಂಬ ಮಾತನ್ನು ಊರು ಅದೇ ಮೊದಲು ಕೇಳಿದ್ದು.

ಆಗ ಅವನು ಕಚೇರಿಗೆ ಅರ್ಜಿ ಕೊಟ್ಟ. ಪಡುವಣ ಸಾಲಿನವರು ಯಾರೂ ಕೋಟೆಪೇಟೆಗೆ ಹೋಗುವುದಿಲ್ಲ, ಮತ್ತೆ ಕೇಳಿ ನೋಡಿ ಎಂದು. ಸಾಹೇಬರು ನ್ಯಾಯವಂತರು, ವಿಚಾರಣೆ ಇಟ್ಟರು. ನಮ್ಮ ಶಾಲೆಯಲ್ಲೇ, ನಾನು ಪಾಠ ಮಾಡುವ ಕೋಣೆಯಲ್ಲೇ. ಮಕ್ಕಳ ಮಣೆಗಳ ಮೇಲೆ ಬೀದಿಯವರೆಲ್ಲ ಮೊಣಕಾಲು ಮಡಚಿಕೊಂಡು ಕೂತಿದ್ದರು. ಸಾಹೇಬರು ನನ್ನ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟರು. ಸೊಟ್ಟ ಅಕ್ಷರ ನನಗೆ ಅಲ್ಲಿಂದಲೇ ಕಂಡವು.

ಹದಿಮೂರೂ ಮನೆಯಲ್ಲಿ ನೀವೇ ಹೋಗಿ ಕೇಳಿದಿರಾ ಎಂದು ಸಾಹೇಬರು ವಿಚಾರಿಸಿದರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ, ಕೇಳಬೇಕಾದ್ದರಿಂದ ಕೇಳಿದರು. ಇಲ್ಲ ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಕೆಲಸ ಹೋಗುತ್ತಿತ್ತೋ ಏನೋ. ಹೋಗುತ್ತಲೂ ಇರಲಿಲ್ಲವೇನೋ, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರೇನೋ. ಆದರೆ ಯಾರ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೊಡೆದು ಕಲಿಸಿದ್ದೆನೋ ಆ ಬೀದಿಯ ಅಷ್ಟೂ ಜನ ಎದುರಿಗೇ ಕೂತಿದ್ದರು.

‘ಹೋಗಿದ್ದೆ ಸ್ವಾಮಿ’ ಎಂದೆ.

ಆಮೇಲೆ ಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ಈಗ ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ಆದದ್ದೇ ಬೇರೆ. ಎರಡನೆಯ ಮನೆಯವನು ತಾನು ಕೆರೆಗೆ ಹೋಗಿದ್ದೆ, ಮನೆಯಲ್ಲಿ ಅಮ್ಮ ಹೇಳಿರಬೇಕು ಎಂದ. ಅಮ್ಮ ಆ ವರ್ಷದ ಚಳಿಗೆ ಸತ್ತಿದ್ದಳು. ಮೂರನೆಯವಳು ತಾನು ಇರಲಿಲ್ಲ, ಗಂಡ ಇದ್ದಿರಬೇಕು ಎಂದಳು. ಗಂಡನೋ, ಹೆಂಡತಿ ಇದ್ದಿರಬೇಕು ಎಂದ. ಮೇಷ್ಟ್ರು ಬಂದೇ ಇಲ್ಲ ಎಂಬ ಮಾತು ಯಾರಿಗೂ ಹೊಳೆಯಲಿಲ್ಲ. ನಾನು ಬಾರದಿರಬಹುದು ಎಂದು ಅವರು ಊಹಿಸಲಾರದಷ್ಟು ಒಳ್ಳೆಯ ಹೆಸರು ನನಗಿತ್ತು. ಕೊನೆಗೆ ಯಾರೋ ಹಿಂದಿನ ಮಣೆಯಿಂದ, ನಾವ್ಯಾರೂ ಇರಲಿಲ್ಲ ಅಂದ್ರೆ ನಮ್ಮೆಲ್ಲರ ಪರವಾಗಿ ಓಬಕ್ಕನೇ ಹೇಳಿರಬೇಕು, ಸಾಲಿನ ಹಿರಿಯಳು ಅವಳೇ ಅಲ್ಲವೇ ಎಂದರು. ಅಷ್ಟೂ ತಲೆ ಅವಳ ಕಡೆ ತಿರುಗಿದವು.

ಓಬಕ್ಕ ಎದ್ದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡಿದಳು. ನನ್ನ ಕಡೆ ನೋಡಿದಳು. ನೆನಪು ಮಾಡಿಕೊಳ್ಳಲು ಸಹಾಯ ಮಾಡುತ್ತೇನೆಂದು ನೋಡಿದಳೋ ಏನೋ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

‘ನಾನೇ ಕೋಟೆಪೇಟೆ ಅಂದಿದ್ದು ಸ್ವಾಮಿ. ಮೇಷ್ಟ್ರು ಏನ್ ಮಾಡ್ತಾರೆ, ನಾನ್ ಹೇಳಿದ್ದ ಬರಕಂಡ್ರು. ಎಲ್ಲಾರ್ ಮನೇದೂ ನಾನೇ ಹೇಳಿರ್ಬೌದು. ಅವರ್ದೇನೂ ತಪ್ಪಿಲ್ಲ’ ಎಂದಳು.

ಸಾಹೇಬರು ಪುಸ್ತಕ ಮುಚ್ಚಿದರು. ಒಂದು ಸಾಲಿನವರು ತಮ್ಮ ಪರವಾಗಿ ಹಿರಿಯರು ಹೇಳಲು ಬಿಟ್ಟಿದ್ದರೆ ಅದು ಸಾಲಿನ ಮಾತೇ ಆಗುತ್ತದೆ, ಗುತ್ತಿಗೆ ಆಗಿಹೋಗಿದೆ, ಇನ್ನು ಮುಂದಿನ ಇಪ್ಪತ್ತು ವರ್ಷಕ್ಕೇ ಎಂದರು. ಅವರಿಗೂ ಬೇಸರವಾಗಿತ್ತು, ಅದು ಸುಳ್ಳಲ್ಲ. ಹೋಗುವಾಗ ನನ್ನ ಹೆಗಲು ತಟ್ಟಿ, ನಿಮಗೆ ತೊಂದರೆ ಕೊಟ್ಟೆವು ಎಂದರು.

ಪಾಲಯ್ಯ ಶಾಲೆಯ ಅಂಗಳದಲ್ಲಿ ತಂಗಿಗಾಗಿ ಕಾದು ನಿಂತಿದ್ದ. ಅಂಗಳ ಅವನ ಸೀಮೆಯದೇ, ಮಾತು ಕೇಳುತ್ತಿತ್ತು. ನಾನು ಬಾಗಿಲಲ್ಲಿದ್ದೆ. ಅವನು ಬೈಯಲಿಲ್ಲ, ದನಿ ಏರಿಸಲೂ ಇಲ್ಲ.

‘ಹದಿನೆಂಟು ವರ್ಷ ನನ್ ಕಣ್ಮುಂದೆ ಇದ್ದೀಯ’ ಎಂದ. ‘ಯಾರೋ ಬಂದು ನಿನ್ನೂರು ಯಾವ್ದು ಅಂತ ಕೇಳುದ್ರೆ ನಿಂಗೆ ಇನ್ನೂ ಅದೇ ಊರು. ಆಯ್ತು ಬಿಡವ್ವ. ನಿನ್ನೂರಲ್ಲಿ ನೀನು ಚೆನ್ನಾಗಿರು.’

ಅವಳು ಏನೋ ಹೇಳಹೋದಳು. ಅವನು ನಡೆದುಬಿಟ್ಟ.

ಅದು ನಡವಳಿಕೆ, ಎಲ್ಲ ಹೆಂಗಸರೂ ಹಾಗೇ ಹೇಳುತ್ತಾರೆ ಎಂಬುದು ಪಾಲಯ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ಮನೆಯ ಮಾತಾಗಿದ್ದರೆ ನಕ್ಕು ಬಿಡುತ್ತಿದ್ದ. ಹದಿಮೂರು ಮನೆಯವರ ಹೆಸರಲ್ಲೂ ಗಂಡನ ಊರನ್ನೇ ಹೇಳಿದಳಲ್ಲ, ಅದು ನಡವಳಿಕೆಯಲ್ಲ, ಅದು ಅವಳ ಮನಸ್ಸು ಎಂದು ತಿಳಿದ. ತಂಗಿಯ ಮನಸ್ಸು ಎಂದು ಅವನು ತಿಳಿದದ್ದು ನನ್ನ ನಿದ್ದೆಗಣ್ಣಿನ ಬರವಣಿಗೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ, ಗೆರೆ ಅಲ್ಲ.

ಅಂದಿನಿಂದ ಪಾಲಯ್ಯ ಕಲ್ಲು ದಾಟಲಿಲ್ಲ. ಹಗ್ಗ ಮಾತ್ರ ಇಬ್ಬರೂ ಹೊಸೆದರು. ಅದೊಂದು ವಿಚಿತ್ರ. ಅಷ್ಟು ಸಿಟ್ಟಿದ್ದರೂ ಬೇರೆಯವರನ್ನು ನಾರಿಗೆ ಇಟ್ಟುಕೊಳ್ಳಲಿಲ್ಲ. ಅವಳೂ ಒಂದು ದಿನ ತಪ್ಪಿಸಲಿಲ್ಲ. ಬೆಳಿಗ್ಗೆ ಬಂದು ಚಕ್ರದ ಕೊಕ್ಕೆಗೆ ನಾರು ಸಿಕ್ಕಿಸುವಾಗ ಇಬ್ಬರ ನಡುವೆ ಒಂದು ಮೊಳ ದೂರ, ಒಂದೇ ಸೀಮೆ, ಆದರೂ ಮಾತಿಲ್ಲ. ಅವಳು ಹಿಂದಕ್ಕೆ ನಡೆದು ಕಲ್ಲು ದಾಟಿದ ಮೇಲೆ ಮಾತ್ರ ಅವಳ ಬಾಯಿ ಆಡತೊಡಗುತ್ತಿತ್ತು. ಕೆಲಸ ಮುಗಿಯುವವರೆಗೆ ಆಡುತ್ತಲೇ ಇರುತ್ತಿತ್ತು. ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾಳೆ ಎಂದುಕೊಂಡೆವು. ಪಡುವಣ ಸಾಲಿನವರೂ ಅವಳ ಹತ್ತಿರ ನಿಂತು ಕೇಳುವವರಲ್ಲ. ನಿನ್ನಿಂದ ನಮಗೆ ಹೀಗಾಯಿತು ಎಂದು ಅವರೂ ಮುಖ ತಿರುಗಿಸಿದ್ದರು. ಹೆಂಗಸರು ನೀರಿಗೆ ಹೋಗುವಾಗ ಅವಳನ್ನು ಕರೆಯುವುದು ಬಿಟ್ಟರು. ಭಾನುವಾರದ ಊಟಕ್ಕೆ ನಾನೂ ಹೋಗುವುದು ಬಿಟ್ಟೆ. ಕೆಲಸ ಜಾಸ್ತಿ ಎಂದೆ. ಅವಳು ನಂಬಿದಳು, ಎರಡು ಮೂರು ವಾರ ಡಬ್ಬಿಯಲ್ಲಿ ತಂದು ಬಾಗಿಲಿಗೆ ಇಟ್ಟು ಹೋದಳು. ಆಮೇಲೆ ಕಣ್ಣು ಕಾಣದೆ ಅದೂ ನಿಂತಿತು.

ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು, ದೊಡ್ಡ ಬಾವಿಯ ಹಗ್ಗಕ್ಕೆ ಹುರಿ ಇನ್ನೂ ಅರ್ಧ ಏರಿತ್ತು. ಓಬಕ್ಕ ಪಡುವಣ ತುದಿ ಮುಟ್ಟಿದ್ದಳು. ಅವಳ ಕೈಯಲ್ಲಿದ್ದ ಹಗ್ಗ ಪೂರ್ತಿ ಸಡಿಲವಾಯಿತು. ವಿಚಾರಣೆಯಾದ ಮೇಲೆ ಅಣ್ಣ ಒಂದು ಸಲವೂ ಹಾಗೆ ಸಡಿಲಬಿಟ್ಟಿರಲಿಲ್ಲ. ದಣಿವಾರಿಸಿಕೋ ಎಂದು ಹೇಳಿರಲಿಲ್ಲ. ಅವಳು ಅಲ್ಲೇ ಕೂತಳು. ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡಳು. ಹಾದುಹೋಗುತ್ತಿದ್ದ ಎರಡನೆಯ ಮನೆಯವಳನ್ನು ತಾನಾಗಿಯೇ ಮಾತಾಡಿಸಿ, ನಮ್ಮಣ್ಣ ಕೂತ್ಕೋ ಅಂದ ಇವತ್ತು ಎಂದು ಹೇಳಿದಳಂತೆ. ಅವಳ ಮುಖ ಅಷ್ಟು ಅರಳಿದ್ದನ್ನು ಎರಡು ವರ್ಷದಲ್ಲಿ ನೋಡಿರಲಿಲ್ಲ ಎಂದು ಆ ಹೆಂಗಸು ಆಮೇಲೆ ಅತ್ತಳು. ಎಲೆ ಅಗಿದು ಮುಗಿಯುವವರೆಗೂ ಕೂತು, ಸೆರಗು ಕೊಡವಿ ಎದ್ದು, ಹಗ್ಗವನ್ನು ಒಮ್ಮೆ ಜಗ್ಗಿ ನೋಡಿ, ಉತ್ತರ ಬಾರದೆ, ಹಗ್ಗ ಹಿಡಿದುಕೊಂಡೇ ತಡವರಿಸುತ್ತ ಬಯಲು ದಾಟಿ ಬಂದಳು. ಪಾಲಯ್ಯ ಚಕ್ರದ ಪಕ್ಕದಲ್ಲಿ ಮಗುಚಿ ಬಿದ್ದಿದ್ದ. ಕೈ ಆಗಲೇ ತಣ್ಣಗಾಗಿತ್ತು. ಬೀಳುವಾಗ ಕೂಗಿದನೋ ಇಲ್ಲವೋ ಗೊತ್ತಿಲ್ಲ. ಮೂಡಣ ಸಾಲಿನವರು ಕೆರೆಗೆ ಹೋಗಿದ್ದರು, ನಾನು ಶಾಲೆಯಲ್ಲಿದ್ದೆ. ಕೇಳಿಸಿಕೊಳ್ಳಬೇಕಾದವಳಿಗೆ ಕೇಳಿಸದಂತೆ ಮಾಡಿ ಹೋಗಿದ್ದೆ.

ಹನ್ನೊಂದನೆಯ ದಿನದ ಕೆಲಸವೆಲ್ಲ ಮುಗಿದ ಮೇಲೆ, ಇನ್ನು ತಡೆಯಲಾಗದೆ, ಒಂದು ಸಂಜೆ ನಾನು ಬಯಲಿಗೆ ಹೋದೆ. ಬಿಸಿಲು ಇನ್ನೂ ಇತ್ತು. ಓಬಕ್ಕ ಕಲ್ಲಿನ ಆಚೆ ನಿಂತಿದ್ದಳು, ಚಪ್ಪರದ ಕಡೆಗೆ ಮುಖ ಮಾಡಿಕೊಂಡು. ನಾನು ಕಲ್ಲಿನ ಈಚೆ ನಿಂತೆ. ಎರಡು ಮೊಳ ದೂರ. ಇನ್ನೊಂದು ಹೆಜ್ಜೆ ಇಟ್ಟು ಆಮೇಲೆ ಹೇಳಬೇಕೆಂದೇ ಬಂದಿದ್ದೆ. ಕಾಲು ಏಳಲಿಲ್ಲ. ಅಲ್ಲೇ ನಿಂತು ಬಾಯಿ ಬಿಟ್ಟೆ. ಶುರುವಾದದ್ದು ನಿಲ್ಲಲಿಲ್ಲ. ಬಿಸಿಲು, ಮುದ್ದೆ, ಮಜ್ಜಿಗೆ, ಹದಿಮೂರು ಮನೆ, ಹದಿಮೂರು ಸಲ ಬರೆದದ್ದು, ವಿಚಾರಣೆಯಲ್ಲಿ ಹೋಗಿದ್ದೆ ಎಂದದ್ದು, ಅಕ್ಕಾ ನೀವು ನಿಮ್ಮ ಮನೆಯೊಂದರ ಮಾತು ಹೇಳಿದ್ದಿರಿ ಅಷ್ಟೆ, ನಿಮ್ಮ ಅಣ್ಣನಿಗೆ ಅದು ತಿಳಿಯದೆ ಹೋಯಿತು ಎಂಬುದೂ ಸೇರಿ ಒಂದನ್ನೂ ಬಿಡದೆ ಹೇಳಿದೆ. ನನ್ನ ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಕಣ್ಣಲ್ಲಿ ನೀರು ಬಂದು, ಮನಸ್ಸು ಹಗುರವಾಗತೊಡಗಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಎದುರಿಗೆ ಯಾರೋ ನಿಂತಿದ್ದಾರೆಂದು ಅವಳಿಗೆ ಮಸುಕಾದ ಆಕಾರದಿಂದ ತಿಳಿಯಿತು. ಪೊರೆಗಣ್ಣನ್ನು ಕಿರಿದು ಮಾಡಿ ಬಾಯಿ ಆಡುವುದನ್ನು ನೋಡಿದಳು. ಆಮೇಲೆ ಕಲ್ಲನ್ನು ಕೈಯಲ್ಲಿ ತಡವಿ, ಅದನ್ನು ಬಳಸಿ, ಒಂದು ಹೆಜ್ಜೆ ಈಚೆ ಬಂದಳು.

‘ಮೇಷ್ಟ್ರಾ? ಆಚೆ ಇದ್ದೆ, ಏನೂ ಕೇಳುಸ್ಲಿಲ್ಲ. ಏನೋ ಹೇಳ್ತಿದ್ರಿ. ಈಗ ಹೇಳಿ.’

ಅವಳ ಕಿವಿ ಚೆನ್ನಾಗಿತ್ತು. ಸೀಮೆ ಒಂದೇ. ಬಯಲಲ್ಲಿ ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಹೆಚ್ಚಿನ ಅನುಕೂಲವನ್ನು ದೇವರೂ ಮಾಡಿಕೊಡಲಾರ.

‘ಊಟ ಆಯ್ತಾ ಅಕ್ಕಾ ಅಂದೆ’ ಎಂದೆ.

ಅವಳು ಕಲ್ಲಿಗೆ ಒರಗಿಕೊಂಡು ಹೇಳಿದಳು.

‘ನಾನೂ ಹಿಂಗೇ ಮಾಡ್ದೆ ಮೇಷ್ಟ್ರೇ. ಎರಡು ವರ್ಷ ದಿನಾ ಕಲ್ಲು ದಾಟಿದ್ ಮ್ಯಾಲೆ, ತಪ್ಪಾಯ್ತಣ್ಣ, ನನ್ನೂರು ಇದೇ ಕಣಣ್ಣ, ಅಂತ ಅವನ್ ಕಡೆ ಮುಖ ಮಾಡ್ಕಂಡು ಹೇಳ್ತಿದ್ದೆ. ಈಚೆ ಬಂದು ಹೇಳಕೆ ಬಾಯೇ ಬರ್ಲಿಲ್ಲ. ನಾನ್ ಮಾಡಿದ್ ತಪ್ಪು ಅಷ್ಟ್ ದೊಡ್ದು.’

ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಮುಂದೆ ಚಾಚಿ ನನ್ನ ತೋಳು ಹುಡುಕಿ ಹಿಡಿದಳು. ‘ಊಟ ಆಗಿಲ್ಲ. ನಿಮ್ದೂ ಆಗಿರಾಕಿಲ್ಲ, ದನಿ ಸೊರಗೈತೆ. ಮುದ್ದೆ ಮಾಡಿಟ್ಟಿವ್ನಿ. ನಡೀರಿ’ ಎಂದಳು. ಕಣ್ಣು ಕಾಣದವಳು ನನ್ನನ್ನು ಹಿಡಿದು ನಡೆಸಿಕೊಂಡು ಹೊರಟಳು. ಕಲ್ಲು ದಾಟಿದೆವು. ನಾನು ಹೋಗಿ ಅದೇ ಜಗಲಿಯಲ್ಲಿ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವಳು ಬಡಿಸಿದಳು. ನಾನು ಉಂಡೆ.